ಹೊಗೆಗೆ ಅಂಟಿದ ಕಿಡಿ

"ಏನೂ ಕೇಳಬೇಡ. ಕಂಡಷ್ಟನ್ನ ಈ ಹಲಗೆ ತುಂಡಿನ ಮೇಲೆ ಚುಕ್ಕಿ ಇಟ್ಟು ತೋರಿಸು, ಅಷ್ಟೆ," ಎಂದು ಮುದುಕ ಬಡಗಿ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು ಸೊಸೆಯ ಕೈಗಿತ್ತ.

ಕತ್ತಲು ಆಗಷ್ಟೇ ಇಳಿದಿತ್ತು. ಹಾಲಿನ ಕ್ಯಾನು ತೊಳೆಯುತ್ತಿದ್ದವಳನ್ನು ಅರ್ಧದಲ್ಲೇ ಎಬ್ಬಿಸಿ ಕೊಟ್ಟಿಗೆಯ ಹಿಂದಿನ ಬಯಲಿಗೆ ಕರೆತಂದಿದ್ದ. ಅವನೇ ಮರ ಕೊಯ್ದು, ಹತ್ತರಿ ಹೊಡೆದು ಮಾಡಿದ ದೂರದರ್ಶಕ ಅಲ್ಲಿ ಆಕಾಶಕ್ಕೆ ಮುಖವೆತ್ತಿ ನಿಂತಿತ್ತು.

"ಕೈಯೆಲ್ಲ ಒದ್ದೆ, ಮಾವ. ನಿಮ್ಮ ಫಿರಂಗಿಗೆ ನೀರು ತಾಗಿದ್ರೆ ನನ್ನನ್ನೇ ಅದರೊಳಗೆ ತುರುಕಿ ಹಾರಿಸಿಬಿಡ್ತೀರಿ."

"ಕಣ್ಣು ಒದ್ದೆ ಇಲ್ಲವಲ್ಲ? ನೋಡು."

ದೂರದೂರದ ಗ್ಯಾಲಕ್ಸಿಗಳನ್ನು ಒಂದೊಂದಾಗಿ ನೋಡುತ್ತ, ಎಲ್ಲಾದರೂ ಹೊಸ ಚುಕ್ಕಿ ಮೂಡಿದೆಯೇ ಎಂದು ಹುಡುಕುವುದು ಅವನ ಬಹಳ ವರ್ಷಗಳ ರೂಢಿ. ಹಾಗೆ ಮೂಡಿದರೆ ಅದು ಸೂಪರ್‌ನೋವಾ. ಅಲ್ಲೊಂದು ನಕ್ಷತ್ರ ಸಿಡಿದು ಸತ್ತಿದೆ ಎಂದರ್ಥ. ಒಂದೂ ಅವನ ಪಾಲಿಗೆ ಬಂದಿರಲಿಲ್ಲ. ಹೋದ ತಿಂಗಳು ಬಂದೇಬಿಟ್ಟಿತೆಂದು ವೀಕ್ಷಣಾಲಯಕ್ಕೆ ಫೋನು ಮಾಡಿದ್ದ. ಅವರು ನೋಡಿದರೆ ಅಲ್ಲಿ ಏನೂ ಇಲ್ಲ. "ಯಜಮಾನರೇ, ಒಮ್ಮೆ ಕಣ್ಣು ತೋರಿಸಿಕೊಳ್ಳಿ," ಎಂದಿದ್ದರು ಮೆಲ್ಲಗೆ. ಆ ಮಾತನ್ನು ಅವನು ಮನೆಯಲ್ಲಿ ಯಾರ ಕಿವಿಗೂ ಹಾಕಿರಲಿಲ್ಲ. ಎಡಗಣ್ಣು ಮೊದಲೇ ಮಂಕು. ಈಚೆಗೆ ಬಲಗಣ್ಣಿಗೂ ದೀಪದ ಪಕ್ಕದಲ್ಲಿ ಇನ್ನೊಂದು ದೀಪ ಕಾಣತೊಡಗಿತ್ತು.

ಇಂದು ಮತ್ತೆ, ಒಂದು ಮಸುಕು ಗ್ಯಾಲಕ್ಸಿಯ ಅಂಚಿನಲ್ಲಿ, ಒಂದು ಚುಕ್ಕಿ. ಅದು ಆಕಾಶದಲ್ಲಿದೆಯೋ, ತನ್ನ ಕಣ್ಣಿನೊಳಗೇ ಇದೆಯೋ? ಏನೂ ತಿಳಿಯದ ಇನ್ನೊಬ್ಬರ ಕಣ್ಣೇ ಅದನ್ನು ಹೇಳಬೇಕು. ಕಣ್ಣಿನೊಳಗಿದ್ದರೆ ಈ ದೂರದರ್ಶಕಕ್ಕೆ ಗೋಣಿ ಹೊದಿಸಿಬಿಡುವುದು; ಮತ್ತೆ ತೆಗೆಯುವ ಮಾತಿಲ್ಲ.

"ಹೊಗೆ ಥರ ಏನೋ ಇದೆ," ಎಂದಳು ಸೊಸೆ. ಕೆಂಪು ಬಟ್ಟೆ ಸುತ್ತಿದ ಟಾರ್ಚಿನ ಬೆಳಕಿನಲ್ಲಿ ಹಲಗೆಯ ಮೇಲೆ ಮೊದಲು ಮೊಟ್ಟೆಯಂಥದೊಂದನ್ನು ಬರೆದಳು. ಅದರ ಮೇಲೊಂದು ಚುಕ್ಕಿ ಇಟ್ಟಳು. ಮತ್ತೆ ಬಗ್ಗಿ ನೋಡಿ ಬಲಕ್ಕೊಂದು, ಕೆಳಗೊಂದು. ಆ ಮೂರೂ ಹಳೆಯ ನಕ್ಷತ್ರಗಳು, ಅವನಿಗೆ ಕೊಟ್ಟಿಗೆಯ ಹಸುಗಳಷ್ಟೇ ಗುರುತು. ನಾಲ್ಕನೆಯದಕ್ಕೆ ಕಾದ. ಅವಳು ಪೆನ್ಸಿಲನ್ನು ವಾಪಸು ಚಾಚಿದಳು.

"ಮುಗೀತಾ?"

"ಮುಗೀತು."

ಇನ್ನೊಮ್ಮೆ ನೋಡೆನ್ನಲು ತೆರೆದ ಬಾಯನ್ನು ಮುಚ್ಚಿಕೊಂಡ. ಹಾಗೆಂದರೆ ಹೇಳಿಕೊಟ್ಟ ಹಾಗೆ. ಸುಮ್ಮನೆ ಹೋಗಿ ಗೋಣಿಯನ್ನು ಎತ್ತಿಕೊಂಡು ಕೊಡವಿದ.

"ಮಾವ, ಆ ಹೊಗೆ ಅಂಚಿಗೊಂದು ಕಿಡಿ ಅಂಟ್ಕೊಂಡಿದೆಯಲ್ಲ, ಅದು ಹೊಗೆಗೇ ಸೇರಿದ್ದು ಅಂತ ಬಿಟ್ಟೆ. ಅದನ್ನೂ ಇಡಬೇಕಿತ್ತಾ?"

ಗೋಣಿ ಕೈಜಾರಿತು. "ಎಲ್ಲಿ? ಇಡು."

ಇಟ್ಟಳು. ಅವನು ಕಂಡ ಕಡೆಯೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಅವನು ನೆಲದ ಮೇಲೆ ಕುಕ್ಕರಿಸಿಬಿಟ್ಟ.

"ಅಯ್ಯೋ, ಏನಾಯ್ತು ಮಾವ? ನಾನೇನಾದ್ರೂ ತಪ್ಪು ಇಟ್ಟೆನಾ?"

"ಇಲ್ಲಮ್ಮ. ಅದೊಂದು ನಕ್ಷತ್ರ. ಸಿಡಿದು ಹೋಗಿದೆ. ಆ ಬೆಳಕು ಅಲ್ಲಿಂದ ಹೊರಟು ಮೂರು ಕೋಟಿ ವರ್ಷ ಆಯ್ತು. ಆಗ ಈ ಭೂಮಿ ಮೇಲೆ ಮನುಷ್ಯ ಅನ್ನೋನೇ ಇರಲಿಲ್ಲ. ಎಲ್ಲೂ ನಿಲ್ಲದೆ ಬಂದು ಈಗ ಮುಟ್ತು ನೋಡು."

"ಎಲ್ಲಿಗೆ?"

"ನಿನ್ನ ಕಣ್ಣಿಗೆ."

ಕೊಟ್ಟಿಗೆಯಲ್ಲಿ ನಲ್ಲಿ ಸುರಿಯುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ.

"ಮತ್ತೆ ನಾನು ರೆಪ್ಪೆ ಬಡಿದಾಗ ಬಂದ ಬೆಳಕು?" ಎಂದಳು.

"ಅದು ರೆಪ್ಪೆ ಮೇಲೇ ಬಿದ್ದು ಹೋಯ್ತು."

ಅವನು ಜೇಬಿನಿಂದ ಫೋನು ತೆಗೆದ. "ಹ್ಞಾಂ, ನಾನೇ, ಬಡಗಿ. ಕಣ್ಣು ತೋರಿಸ್ಕೊಳ್ಳಿ ಅಂದಿದ್ರಲ್ಲ, ಹೂಂ, ತೋರಿಸ್ಕೊಳ್ತೀನಿ. ಮೊದಲು ನೀವು ಎದ್ದು ನೋಡಿ. ಈ ಸಲ ನಾನೊಬ್ಬನೇ ಕಂಡಿದ್ದಲ್ಲ, ನನ್ನ ಸೊಸೆ..." ಎನ್ನುತ್ತ ಅವಳತ್ತ ತಿರುಗಿದ.

ಅವಳು ಮತ್ತೆ ದೂರದರ್ಶಕಕ್ಕೆ ಬಗ್ಗಿದ್ದಳು, ಒದ್ದೆ ಬೆರಳಿನಿಂದ ತನ್ನ ರೆಪ್ಪೆಯನ್ನು ಮೇಲಕ್ಕೆತ್ತಿ ಹಿಡಿದುಕೊಂಡು.