ಗ್ರಾಮರಿನಲ್ಲಿ ಬರೆಯದ ತಿದ್ದುಪಡಿ

ರಜೆಯಲ್ಲಿದ್ದ ಯಶೋಮತಿಗೆ ಕಚೇರಿಯಿಂದ ನಿಂಗರಾಜ ಫೋನ್ ಮಾಡಿದ. ವೈದ್ಯರು ಬರೆದ ಅಳತೆಯನ್ನು ಓದಿ ರೋಗಿಗೆ ಮದ್ದು ಹರಿಸುವ ಯಂತ್ರಕ್ಕೆ ಪ್ರೋಗ್ರಾಂ ಬರೆದವರು ಅವರಿಬ್ಬರೇ. ಅಳತೆಯನ್ನು ಹೇಗೆ ಓದಬೇಕೆಂಬ ನಿಯಮಗಳನ್ನು ‘ಗ್ರಾಮರ್’ ಎಂಬ ಫೈಲಿನಲ್ಲಿ ಬರೆದರೆ, ಯಂತ್ರ ನಡೆಸುವ ಕೋಡನ್ನು ಕಂಪ್ಯೂಟರೇ ಅದರಿಂದ ತಯಾರಿಸುತ್ತಿತ್ತು.

"ಅಕ್ಕಾ, ಗ್ರಾಮರ್ ಫೈಲಿನ ತಪ್ಪೆಲ್ಲ ತಿದ್ದಿದೆ. ಅದರಿಂದ ಕೋಡನ್ನ ಮತ್ತೆ ಜನರೇಟ್ ಮಾಡಿ, ಬೆಳಿಗ್ಗೆನೇ ಎಲ್ಲ ಆಸ್ಪತ್ರೆಗೂ ಕಳಿಸ್ದೆ. ದೇವರ ದಯೆ!"

"ಹಳೇ ಕೋಡು ಅಳಿಸಿ ಹೋಯ್ತಾ?"

"ಹೂಂ. ಅದನ್ನ ಯಾರೂ ಕೈಯಿಂದ ತಿದ್ದಬಾರ್ದು ಅಂತ ನೀವೇ ಬಯ್ತಿದ್ರಲ್ಲ?"

"ನಾನೇ ತಿದ್ದಿದ್ದೆ ಕಣೋ. ಸಂಖ್ಯೆ ಮಧ್ಯದ ಪಾಯಿಂಟನ್ನ ಅದು ಓದ್ತಿರ್ಲಿಲ್ಲ. ಅವಸರದಲ್ಲಿ ಕೋಡಲ್ಲೇ ಸರಿಮಾಡ್ದೆ, ಗ್ರಾಮರಲ್ಲಿ ಬರೀಲಿಲ್ಲ."

"ಅಯ್ಯೋ! ಈಗ ಎರಡು ಪಾಯಿಂಟ್ ಐದು ಬರೆದ್ರೆ ಇಪ್ಪತ್ತೈದು ಹೋಗತ್ತೆ! ಮೊದ್ಲು ಯಾವ ಆಸ್ಪತ್ರೆಗೆ ಹೇಳ್ಲಿ ಅಕ್ಕಾ?"

ಯಶೋಮತಿ ತನ್ನ ಎಡಗೈಗೆ ಚುಚ್ಚಿದ್ದ ಅದೇ ಯಂತ್ರದ ಸೂಜಿಯನ್ನು ಕೀಳಲು ನೋಡಿದಳು. ಬಲಗೈ ಹಾಸಿಗೆಯಿಂದ ಮೇಲೇಳಲಿಲ್ಲ.