ಆರನೆಯ ಸದ್ದು

ಎಲ್ಲರೂ ಮಲಗಿದ ಮೇಲೆ ಹೊರಗೆ ಕಟಕಟ ಎಂದು ಸಣ್ಣ ಸದ್ದಾಯಿತು. ವಾರಿಜ ಎದ್ದು ಕುಳಿತಳು. ಪಕ್ಕದಲ್ಲಿ ಗಂಡ ಇರಲಿಲ್ಲ. ಅದು ಅವನು ಓಡಿಸುವ ಶಾಲಾ ವ್ಯಾನಿನ ಹ್ಯಾಂಡ್ ಬ್ರೇಕಿನ ಸದ್ದು. ಎಷ್ಟೋ ವರ್ಷಗಳಿಂದ ಅಡುಗೆಮನೆಯಿಂದಲೇ ಎಣಿಸಿದ್ದಳು: ಆರು ಸಲ ಕಟ್ ಎಂದರೆ ಬ್ರೇಕು ಬಿಗಿಯಾಗಿ ಕೂತಿತೆಂದು ಅರ್ಥ. ಈಗ ಎರಡಕ್ಕೇ ನಿಂತಿತು. ಮತ್ತೆ ಎರಡೇ.

ಹೋದ ವಾರ ವ್ಯಾನು ಇಳಿಜಾರಿನಲ್ಲಿ ತಾನಾಗಿ ಜಾರಿ ಎದುರುಮನೆಯ ಗೇಟು ಮುರಿದಿತ್ತು. "ಗಾಡಿ ಗುಡಿಸೋಕೆ ಒಳಗೆ ಹತ್ತಿದವಳು ನೀನೇ ಬ್ರೇಕ್ ಇಳಿಸಿರ್ತೀಯ," ಎಂದು ಅವನು ಬೀದಿಯವರೆದುರು ರೇಗಿದ್ದ.

ಹೊರಗೆ ಹೋಗಿ ನೋಡಿದಳು. ಅವನು ಸೀಟಿನಲ್ಲಿ ಕುಳಿತು ನಡುಗುವ ಎಡಗೈಯಿಂದ ಬ್ರೇಕ್ ಎಳೆಯುತ್ತಿದ್ದ.

"ಕೈಗೇನಾಯ್ತ್ರೀ?"

"ಎರಡು ತಿಂಗಳಾಯ್ತು ಕಣೇ. ಹಿಡಿತಾನೇ ಇಲ್ಲ."

"ಡಾಕ್ಟ್ರು ಏನಂದ್ರು?"

"ಗಾಡಿ ಮುಟ್ಟಬೇಡ ಅಂದ್ರು. ಮುಟ್ಟದಿದ್ರೆ ಊಟ ಅವರು ಹಾಕ್ತಾರಾ? ಯಾರ ಹತ್ರಾನೂ ಬಾಯಿ ಬಿಡಬೇಡ."

ಅವಳು ಒಳಗೆ ಬಾಗಿ, ಅವನ ಕೈಯ ಮೇಲೆ ತನ್ನ ಕೈಯಿಟ್ಟು ಎಳೆದಳು. ಆರೂ ಕೇಳಿಸಿದವು.

ಬೆಳಿಗ್ಗೆ ಎದುರುಮನೆಯಾಕೆ ಮಗನನ್ನು ವ್ಯಾನಿಗೆ ಹತ್ತಿಸುತ್ತ ನಕ್ಕಳು. "ನೀವು ಮಾತ್ರ ಇದರ ಹತ್ರ ಬರಬೇಡಿ ಅಕ್ಕಾ, ಗೇಟ್ ಹೊಸದು! ಅಣ್ಣನ ಕೈಲಿದ್ರೆ ನಮಗೆ ಚಿಂತೆಯಿಲ್ಲ."

ವಾರಿಜ ತಾನೂ ನಕ್ಕಳು. ಯಾರಿಗೂ ಹೇಳಬಾರದೆಂದು ಆ ಕ್ಷಣವೇ ಮನಸ್ಸು ಗಟ್ಟಿಮಾಡಿಕೊಂಡಳು. ಆಮೇಲೆ ಶಾಲೆಗೆಂದು ಮುಂದಿನ ಸೀಟಿನಲ್ಲಿ ಕೂತಿದ್ದ ತನ್ನ ಮಗಳನ್ನು ಕೆಳಗಿಳಿಸಿ, ಕೈಹಿಡಿದು ಬಸ್ ನಿಲ್ದಾಣದ ಕಡೆ ನಡೆದಳು.