ಒಂದು ನಿಮಿಷದ ಉಸಿರು

ನಮ್ಮ ಈಜುಕೊಳದಲ್ಲಿ ಕಾಯಿಲೆ ಇಟ್ಟುಕೊಂಡು ಯಾರೂ ನೀರಿಗಿಳಿಯುವ ಹಾಗಿಲ್ಲ. ಅದನ್ನು ಜೊತೆಯವರ ಕೈಗೆ ಕೊಟ್ಟು ಇಳಿಯಬೇಕು. ಒಂದು ನಿಮಿಷ ನೀರಲ್ಲಿ ಜೋರಾಗಿ ಓಡಬೇಕು, ಸೀಟಿ ಊದಿದ ಕೂಡಲೇ ಬಂದು ವಾಪಸ್ ಇಸಕೊಳ್ಳಬೇಕು. ಆಮೇಲೆ ಜೊತೆಯವರ ಸರದಿ. ವಯಸ್ಸಾದವರಿಗೆ ವಾರಕ್ಕೆ ಮೂರು ಸಲ ಇದೇ ಗೋಳು.

ನನ್ನ ಜೊತೆ ಸಲೋಮಿ ಅಂತ, ರಿಟೈರ್ಡ್ ನರ್ಸ್. ನನ್ನ ಮಂಡಿನೋವು, ಶುಗರ್ ಎರಡನ್ನೂ ಹೊತ್ತು ಸುಸ್ತಾಗಿದ್ದರು. ಅವನ್ನು ನನಗೆ ವಾಪಸ್ ಕೊಟ್ಟು, "ಸುನಂದಕ್ಕ, ಈಗ ನನ್ನ ಉಬ್ಬಸ ಹಿಡ್ಕೊಳ್ಳಿ. ಹಾರ್ಟಿಂದೂ ಇದೆ, ಜೋಪಾನ," ಎಂದು ಅಂಗೈ ಒತ್ತಿ ಇಳಿದರು.

ನನ್ನದೇ ನನಗೆ ಸಾಕಾಗಿತ್ತು. ಅದರ ಮೇಲೆ ಅವರದೂ ಸೇರಿ ಎದೆ ಮೇಲೆ ಅಕ್ಕಿಮೂಟೆ ಹೇರಿದ ಹಾಗಾಯಿತು. ಮೆಟ್ಟಿಲ ಮೇಲೆ ಕೂತು ಸೀಟಿಗೆ ಕಾದೆ.

ಕೋಚ್ ಹರಿಣಿ ಊದಿದಳು. ಉಳಿದವರೆಲ್ಲ ಬಂದರು. ಸಲೋಮಿ ಮಾತ್ರ ಅಂಗಾತ ತೇಲುತ್ತಾ ಉಸಿರೆಳೆದು, ಬಿಟ್ಟು, ಮತ್ತೆ ಎಳೆದು ನೋಡುತ್ತಿದ್ದರು, ಅಂಗಡಿಯಲ್ಲಿ ಸೀರೆ ಬಿಡಿಸಿ ನೋಡುವವರ ಹಾಗೆ.

"ಅವರಿಗೆ ಕೇಳಿಸಿಲ್ಲ ಅನ್ಸುತ್ತೆ, ಆಂಟಿ. ನಿಮ್ಮ ತುಟಿ ನೀಲಿಯಾಗ್ತಿದೆ," ಎಂದಳು ಹರಿಣಿ.

ಮಾತಾಡಲು ನನಗೆ ಉಸಿರಿರಲಿಲ್ಲ. ಅವಳು ಮತ್ತೆ ಊದಲು ಸೀಟಿ ಎತ್ತಿದಾಗ ಅದನ್ನು ಕಿತ್ತು ನನ್ನ ಒದ್ದೆ ಟವೆಲ್ ಕೆಳಗೆ ಇಟ್ಟುಕೊಂಡೆ.